ಹೊಲಿಗೆ ಬಾರದೆಂಬ ಪ್ರಮಾಣಪತ್ರ

ತೂಕದಪ್ಪ ಸುಳ್ಳುಗಾರನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಮುಂದೆ ಓದುತ್ತ ಹೋದವರಿಗೆ ಬೇರೆಯ ಅಭಿಪ್ರಾಯ ಮೂಡುವ ಅಪಾಯವಿದೆ. ಅವನದು ಸುಳ್ಳು ಹೇಳುವ ಗುಣವಲ್ಲ, ಇದ್ದದ್ದನ್ನು ಬೆಳೆಸುವ ಗುಣ. ಮಾತು ಅವನ ಹೊಟ್ಟೆಯಿಂದ ಹೊರಟಾಗ ಸಣ್ಣದಾಗಿಯೇ ಇರುತ್ತದೆ. ಬಾಯಿಗೆ ಬರುವಷ್ಟರಲ್ಲಿ ಮೈಕೈ ತುಂಬಿಕೊಂಡಿರುತ್ತದೆ. ನೆಗಡಿಯಾದರೆ ಜ್ವರವೆನ್ನುತ್ತಾನೆ. ಜ್ವರ ಬಂದರೆ ಡಾಕ್ಟರು ಕೈಬಿಟ್ಟಿದ್ದರು ಎನ್ನುತ್ತಾನೆ.

ವಿಚಿತ್ರವೆಂದರೆ ಕೆಲಸದಲ್ಲಿ ಅವನಷ್ಟು ಖಡಕ್ಕಾದ ಮನುಷ್ಯ ಇನ್ನೊಬ್ಬನಿಲ್ಲ. ಪಾರ್ಸೆಲ್ ಗೋದಾಮಿನಲ್ಲಿ ತೂಕದ ಯಂತ್ರದ ಮುಂದೆ ನಿಂತು, ಬಂದ ಡಬ್ಬಗಳನ್ನೆಲ್ಲ ತೂಗಿ ಚೀಟಿ ಅಂಟಿಸುವುದು ಅವನ ಉದ್ಯೋಗ. ಹೆಸರು ಬಂದದ್ದೂ ಅಲ್ಲಿಂದಲೇ. ಹತ್ತು ಗ್ರಾಂ ಹೆಚ್ಚಿದ್ದರೂ ಡಬ್ಬವನ್ನು ಮುಲಾಜಿಲ್ಲದೆ ವಾಪಸು ಕಳಿಸುವ ಈ ಆಸಾಮಿ, ಊಟದ ಬಿಡುವಿನ ಗಂಟೆ ಹೊಡೆದ ಕೂಡಲೇ ಬೇರೆಯೇ ಮನುಷ್ಯನಾಗಿಬಿಡುತ್ತಿದ್ದ.

ಆ ಊಟದ ಮೇಜೇ ಎಲ್ಲಕ್ಕೂ ಮೂಲ. ಗೋದಾಮಿನ ಕ್ಯಾಂಟೀನಿನಲ್ಲಿ ಒಂದು ಮಧ್ಯಾಹ್ನ ಹೆಂಡತಿಯರ ಮಾತು ಬಂತು. ಲಾರಿಯವನ ಹೆಂಡತಿ ನರ್ಸು. ಕಾವಲಿನವನ ಹೆಂಡತಿ ಶಾಲೆಯೊಂದರ ಅಡುಗೆಮನೆಯನ್ನೇ ನಡೆಸುತ್ತಾಳೆ. ಮೇಲ್ವಿಚಾರಕರ ಹೆಂಡತಿಯದಂತೂ ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ಸರದಿ ತೂಕದಪ್ಪನಿಗೆ ಬಂದಾಗ ಅವನು, "ಮನೇಲಿರ್ತಾಳೆ" ಎಂದ. ನಿಜ. ಅವನು ಈ ದೇಶಕ್ಕೆ ಬಂದದ್ದು ತನ್ನ ಕೆಲಸದ ಪರ್ಮಿಟ್ಟಿನ ಮೇಲೆ. ಒಂದು ವರ್ಷದ ನಂತರ ಬಂದ ಹೆಂಡತಿಯ ಕಾಗದದಲ್ಲಿ 'ವಾಸಿಸಬಹುದು, ದುಡಿಯುವಂತಿಲ್ಲ' ಎಂದು ಕೆಂಪಕ್ಷರದಲ್ಲಿ ಮುದ್ರೆ ಒತ್ತಿದ್ದರು. ಆದರೆ ಮೇಜಿನವರು ಅದನ್ನೆಲ್ಲ ಕೇಳುವ ಮೊದಲೇ "ಪಾಪ" ಎಂದರು. ಮೇಲ್ವಿಚಾರಕರು ತಮ್ಮ ತಟ್ಟೆಯಿಂದ ಅರ್ಧ ಸೇಬನ್ನು ತೆಗೆದು ಅವನ ಕಡೆ ಸರಿಸಿದರು.

ಆ ಅರ್ಧ ಸೇಬು ಅವನ ಗಂಟಲಲ್ಲಿ ಇಳಿಯಲಿಲ್ಲ. ಮರುವಾರ ಯಾರೂ ಕೇಳದಿದ್ದರೂ ಅವನೇ ಹೇಳಿದ: "ನಮ್ಮ ಮನೆಯವಳು ಟೈಲರಿಂಗ್ ಮಾಡ್ತಾಳೆ." ಅದರ ಮುಂದಿನ ವಾರ ಮನೆಯಲ್ಲಿ ಎರಡು ಮಿಷನ್ನುಗಳಾದವು. ಚಳಿಗಾಲ ಬರುವಷ್ಟರಲ್ಲಿ ನಾಲ್ಕು ಮಿಷನ್ನು, ಕೈಕೆಳಗೆ ಆರು ಜನ ಹೆಂಗಸರು, ಮೂರು ವರ್ಷದ ಹಳೆಯ ವ್ಯಾಪಾರ, ಬಾಗಿಲಲ್ಲಿ ಗಿರಾಕಿಗಳ ಸಾಲು. ಮೇಲ್ವಿಚಾರಕರು ಅವನನ್ನು ನೋಡುವ ನೋಟವೇ ಬದಲಾಯಿತು. ಹಣ್ಣು ಸರಿಸುವುದು ನಿಂತಿತು.

ಅಸಲು ಸಂಗತಿ ಇಷ್ಟು. ಅವನ ಹೆಂಡತಿಗೆ ಹೊಲಿಗೆ ಬರುತ್ತಿತ್ತು. ಬರುತ್ತಿತ್ತು ಎಂದರೆ ಸಾಲದು. ಎದುರಿಗೆ ನಿಂತವರ ಬಲಭುಜ ಎಡಭುಜಕ್ಕಿಂತ ಅರ್ಧ ಬೆರಳು ಇಳಿದಿದ್ದರೆ ಟೇಪು ಹಿಡಿಯದೆ ಹೇಳುತ್ತಿದ್ದಳು. ತಾಯಿಯ ಹೊಲಿಗೆ ಅಂಗಡಿಯಲ್ಲಿ ಒಂಬತ್ತನೇ ವಯಸ್ಸಿನಿಂದ ಮದುವೆಯ ಹಿಂದಿನ ದಿನದವರೆಗೆ ಕೂತು ಬಂದ ಕೈ ಅದು. ಮನೆಯಲ್ಲಿದ್ದದ್ದು ಒಂದೇ ಮಿಷನ್ನು, ಮನೆ ಖಾಲಿ ಮಾಡಿ ಹೋಗುತ್ತಿದ್ದ ಯಾರೋ ಮುದುಕಿ ಬಿಟ್ಟುಹೋದದ್ದು. "ಕೈಗೆ ಏನಾದ್ರೂ ಇಲ್ದಿದ್ರೆ ನನಗೆ ಹುಚ್ಚು ಹಿಡಿಯುತ್ತೆ ರೀ" ಎಂದು ಅಕ್ಕಪಕ್ಕದವರ ಹರಿದದ್ದು ಬಿಚ್ಚಿದ್ದನ್ನೆಲ್ಲ ತಂದು ಹೊಲಿದುಕೊಡುತ್ತಿದ್ದಳು. ಯಾರಿಂದಲೂ ಒಂದು ಕಾಸು ಮುಟ್ಟಿದವಳಲ್ಲ. ಅವರಂತೆಯೇ ಪರ್ಮಿಟ್ಟಿನ ಮೇಲೆ ಬಂದು ನೆಲೆಸಿದ ಕಟ್ಟಡದವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಮೂವತ್ತು ವರ್ಷ ದೊಡ್ಡವಳಾದ ಮೇಲ್ಮನೆಯ ಅಜ್ಜಿಯೊಬ್ಬಳನ್ನು ಬಿಟ್ಟು.

ಒಂದು ದಿನ ಕೆಳಮನೆಯ ಬಸ್ ಡ್ರೈವರು ಪ್ಯಾಂಟು ಕೊಳ್ಳಲು ಮುಖ್ಯರಸ್ತೆಯ ಕೋಟಿನಂಗಡಿಗೆ ಹೋದ. ಅಂಗಡಿಯ ಯಜಮಾನಿ ಪ್ಯಾಂಟು ತೋರಿಸುವುದನ್ನು ಬಿಟ್ಟು ಅವನ ಕೊರಳಪಟ್ಟಿಗೇ ಕೈಹಾಕಿದಳಂತೆ. ಸವೆದ ಕಾಲರನ್ನು ಬಿಚ್ಚಿ, ತಿರುಗಿಸಿ, ಹೊಸದರಂತೆ ಕೂಡಿಸಿದ್ದು ಯಾರು ಎಂದು ಕೇಳಿದಳಂತೆ. ಮರುದಿನ ಅವಳೇ ಮೆಟ್ಟಿಲು ಹತ್ತಿಕೊಂಡು ಬಂದಳು. "ಇಪ್ಪತ್ತು ವರ್ಷದಿಂದ ಇಂಥ ಕೈ ಹುಡುಕ್ತಿದ್ದೀನಿ. ಕಿಟಕಿ ಪಕ್ಕದ ಮಿಷನ್ನು ನಿಮಗೇ. ಪರ್ಮಿಟ್ ಮಾಡಿಸ್ಕೊಂಡು ಬನ್ನಿ, ಚಳಿಗಾಲ ಮುಗಿಯೋವರೆಗೆ ಆ ಕುರ್ಚಿಯಲ್ಲಿ ಯಾರನ್ನೂ ಕೂರಿಸಲ್ಲ" ಎಂದಳು.

ಆವತ್ತು ತೂಕದಪ್ಪ ಮನೆಗೆ ಬಂದಾಗ ಹೆಂಡತಿ ಹಾಡು ಗುನುಗುತ್ತಿದ್ದಳು. ಈ ದೇಶಕ್ಕೆ ಬಂದ ಮೇಲೆ ಅವಳು ಹಾಡಿದ್ದನ್ನು ಅವನು ಕೇಳಿರಲಿಲ್ಲ. "ಕಿಟಕಿ ಪಕ್ಕ ಅಂತೆ ರೀ, ಬೆಳಕು ಎಡಗಡೆಯಿಂದ ಬೀಳುತ್ತಂತೆ" ಎಂದು ಎರಡು ಸಲ ಹೇಳಿದಳು. ಎಡಗಡೆಯ ಬೆಳಕಿನ ಮಹತ್ವ ಅವನಿಗೆ ತಿಳಿಯಲಿಲ್ಲ. ಆದರೂ ತನ್ನಿಂದಲೇ ಆದದ್ದೆಂಬಂತೆ ತಲೆಯಾಡಿಸಿದ.

ಅರ್ಜಿ ತುಂಬಿದ್ದಾಯಿತು. ಇವಳು ಯಾವ ಅಂಗಡಿಗೆ ಹೋಗುತ್ತಾಳೆಂಬುದು ಅರ್ಜಿಗೆ ಬೇಕಿರಲಿಲ್ಲ. ಮೊದಲು ಪರ್ಮಿಟ್ಟು, ಆಮೇಲೆ ಕೆಲಸ. 'ಪರವಾನಗಿ ಇಲ್ಲದೆ ಈ ದೇಶದಲ್ಲಿ ಎಂದಾದರೂ ದುಡಿದಿದ್ದೀರಾ?' ಎಂಬ ಹದಿನೇಳನೆಯ ಪ್ರಶ್ನೆಗೆ 'ಇಲ್ಲ' ಎಂದು ಬರೆದರು. ಕೊನೆಯಲ್ಲಿ ಗಂಡ ಕೆಲಸ ಮಾಡುವ ಕಡೆಯ ಮೇಲಧಿಕಾರಿಯಿಂದ ಕುಟುಂಬದ ನಡತೆಯ ಬಗ್ಗೆ ಒಂದು ಪತ್ರ ಬೇಕಿತ್ತು, ಮುಚ್ಚಿ ಅಂಟಿಸಿದ ಲಕೋಟೆಯಲ್ಲಿ. ಮೇಲ್ವಿಚಾರಕರು ಒಂದು ಭಾನುವಾರವನ್ನೇ ಅದಕ್ಕೆ ಮೀಸಲಿಟ್ಟರು. ಸೋಮವಾರ ದಪ್ಪನೆಯ ಲಕೋಟೆ ಕೈಗಿಟ್ಟು, "ನಾಲ್ಕು ಮಾತು ಮನಸ್ಸಿಟ್ಟು ಬರೆದಿದ್ದೀನಪ್ಪಾ. ಆ ತಾಯಿಗೆ ಕೆಲಸ ಆಗದೇ ಇದ್ರೆ ಕೇಳು" ಎಂದು ಬೆನ್ನು ತಟ್ಟಿದರು. ತೂಕದಪ್ಪ ಅಭ್ಯಾಸಬಲದಿಂದ ಲಕೋಟೆಯನ್ನು ತೂಕದ ಯಂತ್ರದ ಮೇಲಿಟ್ಟು ನೋಡಿದ. ಒಳ್ಳೆಯ ಭಾರವಿತ್ತು. ಖುಷಿಯಾಯಿತು.

ಪರವಾನಗಿ ಕಚೇರಿಯ ಮೂರನೆಯ ಕಿಟಕಿಯಲ್ಲಿ ಕನ್ನಡಕವನ್ನು ದಾರದಿಂದ ಕೊರಳಿಗೆ ನೇತುಹಾಕಿಕೊಂಡ ಅಧಿಕಾರಿಣಿಯೊಬ್ಬರಿದ್ದರು. ಹೆಂಡತಿ ಟೋಕನ್ನು ಹಿಡಿದು, ಕಿಟಕಿಯ ಮಾತು ಕೇಳಿಸದಷ್ಟು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಅಧಿಕಾರಿಣಿ ಲಕೋಟೆ ಹರಿದು, ಕನ್ನಡಕ ಏರಿಸಿ, ಪತ್ರವನ್ನು ಓದಿದರು. ಕನ್ನಡಕ ಇಳಿಸಿ ತೂಕದಪ್ಪನನ್ನು ನೋಡಿದರು. ಮತ್ತೆ ಏರಿಸಿ, ಈ ಸಲ ಗಟ್ಟಿಯಾಗಿ ಓದಿದರು:

"'ಇವರ ಪತ್ನಿ ಮಹಾ ಶ್ರಮಜೀವಿ. ಮನೆಯಲ್ಲೇ ನಾಲ್ಕು ಯಂತ್ರಗಳ ಹೊಲಿಗೆ ಕೇಂದ್ರವನ್ನು ಮೂರು ವರ್ಷಗಳಿಂದ ನಡೆಸುತ್ತ, ಆರು ಮಂದಿ ಮಹಿಳೆಯರಿಗೆ ಉದ್ಯೋಗ ನೀಡಿದ್ದಾರೆ. ಪರವಾನಗಿ ಇಲ್ಲದೆಯೇ ಇಷ್ಟು ಸಾಧಿಸಿದವರು, ಪರವಾನಗಿ ಸಿಕ್ಕರೆ ಇನ್ನೆಷ್ಟು ಸಾಧಿಸಿಯಾರು!'"

ತೂಕದಪ್ಪ ಹಿಂದಿನ ಬೆಂಚಿನ ಕಡೆ ಒಮ್ಮೆ ತಿರುಗಿ ನೋಡಿದ.

"ಹದಿನೇಳನೇ ಪ್ರಶ್ನೆಗೆ 'ಇಲ್ಲ' ಅಂತ ಬರೆದಿದ್ದೀರಿ" ಎಂದರು ಅಧಿಕಾರಿಣಿ.

"ಇಲ್ಲ ಮೇಡಂ. ಅಂದ್ರೆ, ಹೌದು ಮೇಡಂ, ಇಲ್ಲ ಅಂತಾನೇ ಬರೆದಿದ್ದೀವಿ."

"ಹಾಗಾದ್ರೆ ಈ ಆರು ಜನ ಹೆಂಗಸರು ಯಾರು?"

ಇಲ್ಲಿ ಅವನ ಮುಂದೆ ಒಂದು ಸುಲಭವಾದ ದಾರಿಯಿತ್ತು. 'ನಾನು ಊಟದ ಮೇಜಿನಲ್ಲಿ ಜಂಬ ಕೊಚ್ಚಿಕೊಂಡೆ ಮೇಡಂ, ಅದನ್ನೇ ನಂಬಿ ಅವರು ಬರೆದುಬಿಟ್ಟರು' ಎಂದಿದ್ದರೆ ಮುಗಿಯುತ್ತಿತ್ತು. ಅಧಿಕಾರಿಣಿ ನಗುತ್ತಿದ್ದರು, ಹೆಚ್ಚೆಂದರೆ ಬೈಯುತ್ತಿದ್ದರು. ಆದರೆ ಅವರು ಆಗಲೇ ಫೋನಿನ ಮೇಲೆ ಕೈಯಿಟ್ಟು, "ಇದನ್ನ ಬರೆದವರಿಗೇ ಫೋನ್ ಮಾಡಿ ಕೇಳ್ಲಾ?" ಎಂದರು. ಮೇಲ್ವಿಚಾರಕರು, ಲಾರಿಯವನು, ಕಾವಲಿನವನು, ಇಡೀ ಮೇಜು ತನ್ನನ್ನು ನೋಡಿ ನಗುವುದು ಅವನ ಕಣ್ಣಿಗೆ ಕಟ್ಟಿತು. ಬಾಯಿ ಬೇರೆಯ ದಾರಿ ಹಿಡಿಯಿತು.

"ಮೇಡಂ, ಅವರು ಬೇರೆ ಯಾರದೋ ಹೆಂಡತಿ ಅಂದ್ಕೊಂಡು ಬರೆದುಬಿಟ್ಟಿದ್ದಾರೆ. ನನ್ನ ಹೆಂಡತಿಗೆ ಹೊಲಿಗೆಯೇ ಬರಲ್ಲ!"

"ಬರಲ್ವಾ?"

"ಸೂಜಿ ಹಿಡಿಯೋಕೂ ಬರಲ್ಲ ಮೇಡಂ. ಮನೆಯಲ್ಲಿ ಗುಂಡಿ ಕಿತ್ತುಹೋದ್ರೆ ಶರ್ಟನ್ನೇ ಎಸೀತೀವಿ."

ಅಧಿಕಾರಿಣಿ ಒಂದು ಹಾಳೆ ತೆಗೆದು 'ಅರ್ಜಿದಾರಳಿಗೆ ಹೊಲಿಗೆಯ ಜ್ಞಾನವಿಲ್ಲ' ಎಂದು ಬರೆದು, ಸಹಿಗೆ ಸರಿಸಿದರು. ಬೆಂಚಿನಿಂದ ಎದ್ದುಬಂದ ಹೆಂಡತಿ, ಗಂಡ ಬೆರಳಿಟ್ಟ ಜಾಗದಲ್ಲಿ ನಂಬಿಕೆಯಿಂದ ಸಹಿ ಹಾಕಿದಳು. ಹದಿನಾಲ್ಕು ದಿನದೊಳಗೆ ಅವಳನ್ನು ಬಲ್ಲ ಐವರಿಂದ, ಜೊತೆಗೆ ರಕ್ತಸಂಬಂಧಿ ಒಬ್ಬರಿಂದ, ಇದನ್ನೇ ದೃಢಪಡಿಸುವ ಪತ್ರಗಳು ಬರಬೇಕೆಂದೂ ಮನೆ ತಪಾಸಣೆಗೆ ಒಬ್ಬರು ಬರುತ್ತಾರೆಂದೂ ಅಪ್ಪಣೆಯಾಯಿತು.

"ಏನಂತ ಇತ್ತು ಆ ಕಾಗದದಲ್ಲಿ?" ಎಂದು ಬಸ್ಸಿನಲ್ಲಿ ಹೆಂಡತಿ ಕೇಳಿದಳು.

ಅವನು ಹೇಳಿದ. ಅವಳು ಬಸ್ಸಿನ ಚೀಟಿಯನ್ನು ಮಡಚಿ ಮಡಚಿ ಉಗುರಿನಷ್ಟು ಮಾಡಿದಳು.

"ಇದ್ದದ್ದು ಇದ್ದ ಹಾಗೆ ಹೇಳ್ಬಹುದಿತ್ತಲ್ಲ. ನೀವು ಸುಮ್ನೆ ಹೇಳ್ಕೊಂಡದ್ದು ಅಂತ."

"ಅಷ್ಟು ಜನರ ಎದುರು ನನ್ನ ಮರ್ಯಾದೆ ಏನಾಗ್ಬೇಕು? ಇದು ಬರೀ ಕಾಗದ ಕಣೇ. ಕಾಗದದಲ್ಲಿ ಬರಲ್ಲ ಅಂದ ಮಾತ್ರಕ್ಕೆ ಕೈಯಲ್ಲಿರೋದು ಎಲ್ಲಿಗೆ ಹೋಗುತ್ತೆ? ಪರ್ಮಿಟ್ ಕೈಗೆ ಬರ್ಲಿ, ಆಮೇಲೆ ಆ ಕಾಗದ ಯಾರು ನೋಡ್ತಾರೆ?"

ಅವಳು ಮತ್ತೇನೂ ಕೇಳಲಿಲ್ಲ. ಅವಳು ಕೇಳುತ್ತಲೇ ಇರಬೇಕಿತ್ತು, ಜಗಳವಾಡಬೇಕಿತ್ತು, ಅದೇ ಬಸ್ಸಿನಿಂದ ಇಳಿಸಿ ವಾಪಸು ಎಳೆದುಕೊಂಡು ಹೋಗಬೇಕಿತ್ತು ಎಂದು ತೂಕದಪ್ಪನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಆಗ ಮಾತ್ರ, ಹೆಂಡತಿ ಒಪ್ಪಿದಳು, ಪುಣ್ಯವಂತೆ ಎಂದುಕೊಂಡ.

ಭಾನುವಾರ ಅವನ ಮನೆಯ ಹಜಾರದಲ್ಲಿ ಸಭೆ ಸೇರಿತು. ಬಸ್ ಡ್ರೈವರು, ಮೇಲ್ಮನೆಯ ಅಜ್ಜಿ, ಎದುರುಮನೆಯ ಬಣ್ಣ ಬಳಿಯುವ ದಂಪತಿಗಳು, ಮತ್ತು ನಿವೃತ್ತರಾದ ಮೇಷ್ಟ್ರು. ಎಲ್ಲರ ಮೈಮೇಲೂ ಅಕ್ಕನ ಹೊಲಿಗೆಯಿತ್ತು.

"ಅಲ್ಲಪ್ಪಾ, ಅಕ್ಕ ಹೊಲಿದ ಕಾಲರು ನನ್ನ ಕತ್ತಿನಲ್ಲೇ ಇದೆ. ಇದನ್ನ ಹಾಕ್ಕೊಂಡು ಅಕ್ಕನಿಗೆ ಹೊಲಿಗೆ ಬರಲ್ಲ ಅಂತ ಹೇಗೆ ಬರೀಲಿ?" ಎಂದ ಡ್ರೈವರು.

"ಕೋಟು ಬಿಚ್ಚಿಟ್ಟು ಬರಿ" ಎಂದರು ಮೇಷ್ಟ್ರು.

ಡ್ರೈವರು ಕೋಟು ಬಿಚ್ಚಿ ಗೌರವದಿಂದ ಮಡಚಿ ಪಕ್ಕಕ್ಕಿಟ್ಟು ಬರೆಯಲು ಕೂತ. ಶುರುವಾಗುವ ತನಕ ಕಷ್ಟ. ಶುರುವಾದ ಮೇಲೆ ಅವನಿಗೂ ಹುರುಪು ಬಂತು. "'ಒಮ್ಮೆ ನನ್ನ ಪ್ಯಾಂಟಿನ ಜಿಪ್ಪು ಹಾಕಲು ಕೊಟ್ಟಾಗ ಅದನ್ನು ಹಿಂಭಾಗಕ್ಕೆ ಹೊಲಿದರು. ಮೂರು ದಿನ ನಾನು ಸೀಟಿನಿಂದ ಏಳಲಿಲ್ಲ.' ಹೇಗಿದೆ?"

"ತಪ್ಪು, ಹೊಡೆದು ಹಾಕು" ಎಂದರು ಮೇಷ್ಟ್ರು. "ಕೆಟ್ಟದಾಗಿ ಹೊಲಿದ್ರೂ ಹೊಲಿದ ಹಾಗೇ. ಪರ್ಮಿಟ್ ಇಲ್ಲದೆ ಕೆಟ್ಟ ಕೆಲಸ ಮಾಡಿದ್ರೂ ಕೆಲಸಾನೇ. 'ಪ್ರಯತ್ನಪಟ್ಟದ್ದನ್ನೂ ನಾನು ಕಂಡಿಲ್ಲ' ಅಂತಿರಲಿ."

ಬಣ್ಣದವನ ಹೆಂಡತಿ, "'ಇವರು ಕತ್ತರಿಯನ್ನು ನೋಡಿದರೆ ಹೆದರುತ್ತಾರೆ' ಅಂತ ಬರೀಲಾ?" ಎಂದಳು. ಅವಳ ಗಂಡ, "ದಾರ ಕಂಡ್ರೂ ಹೆದರ್ತಾರೆ ಅಂತ ಸೇರಿಸು" ಎಂದ. ಅಜ್ಜಿ ಬಾಯಲ್ಲಿ ಹೇಳಿ ಮೇಷ್ಟ್ರ ಕೈಯಲ್ಲಿ ಬರೆಸಿದಳು: "'ನನ್ನ ಕಣ್ಣು ಮಂಜು. ಸೂಜಿಗೆ ದಾರ ಪೋಣಿಸಿಕೊಡು ಅಂತ ಕೇಳಿದೆ. ಇದರಲ್ಲಿ ಸೂಜಿ ಯಾವುದು, ದಾರ ಯಾವುದು ಅಂತ ಕೇಳಿದಳು.'" ಹಜಾರ ಬಿದ್ದುಬಿದ್ದು ನಕ್ಕಿತು. ಎಲ್ಲರಿಗೂ ಚಹಾ ಕೊಡುತ್ತಿದ್ದ ಹೆಂಡತಿಯೂ ನಕ್ಕಳು. ಮೇಷ್ಟ್ರು ಐದೂ ಪತ್ರಗಳನ್ನು ಒಂದರ ಹಿಂದೆ ಒಂದರಂತೆ ಪಾಠ ಓದುವ ಧ್ವನಿಯಲ್ಲಿ ಓದತೊಡಗಿದಾಗ, ಮೂರನೆಯದಕ್ಕೆ ಅವಳು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಲೋಟ ತೊಳೆಯುವ ಸದ್ದು ಬಹಳ ಹೊತ್ತು ಬಂತು. ಇದ್ದದ್ದು ಏಳೇ ಲೋಟ.

ಹೋಗುವಾಗ ಅಜ್ಜಿ ಬಾಗಿಲಲ್ಲಿ ನಿಂತು, "ನನ್ನ ಬಾಯಿಂದ ಎಂಥ ಮಾತು ಬರೆಸಿದ್ಯೋ, ನಿನಗೆ ಒಳ್ಳೇದಾಗ್ಲಿ" ಎಂದಳು. ಅದು ಹಾರೈಕೆಯೋ ಶಾಪವೋ ಅವನಿಗೆ ಗೊತ್ತಾಗಲಿಲ್ಲ.

ರಕ್ತಸಂಬಂಧಿಯ ಪತ್ರವೊಂದು ಬಾಕಿಯಿತ್ತು. ಹೆಂಡತಿ ಫೋನು ಮುಟ್ಟುವುದಿಲ್ಲ ಎಂದಳು. ಅತ್ತೆಗೆ ಅವನೇ ಫೋನು ಮಾಡಿದ. ಸಂಗತಿಯನ್ನು ಎಷ್ಟು ನಯವಾಗಿ ಹೇಳಬಹುದೋ ಅಷ್ಟು ನಯವಾಗಿ ಹೇಳಿದ. ಬರೀ ಕಾಗದಕ್ಕೋಸ್ಕರ ಎಂಬುದನ್ನು ನಾಲ್ಕು ಸಲ ಹೇಳಿದ. ಲೈನು ಕಟ್ಟಾಯಿತೆಂದು "ಹಲೋ, ಹಲೋ" ಎಂದ.

"ಇದ್ದೀನಿ ಅಳಿಯಂದ್ರೇ" ಎಂದಳು ಅತ್ತೆ. "ನೀವು ಹೇಳಿದ ಹಾಗೇ ಬರೆದು ಕಳಿಸ್ತೀನಿ. ನನ್ನ ಮಗಳಿಗೆ ಹೊಲಿಗೆ ಬರಲ್ಲ, ಯಾಕಂದ್ರೆ ಕಲಿಸಿದವಳಿಗೇ ಬರ್ತಿರಲಿಲ್ಲ ಅಂತ ಬರೀತೀನಿ. ಸಾಕಲ್ವಾ?"

"ಅಷ್ಟೆಲ್ಲ ಬೇಡ ಅತ್ತೆ, ಮೊದಲನೇ ಸಾಲು ಸಾಕು" ಎಂದ ತೂಕದಪ್ಪ. ಅವನಿಗೆ ಆ ಗಳಿಗೆಯಲ್ಲಿ ತೋಚಿದ್ದು ಅಷ್ಟೇ.

ಇನ್ನು ಉಳಿದದ್ದು ತಪಾಸಣೆ. ಮಿಷನ್ನನ್ನು ಡ್ರೈವರೂ ಅವನೂ ಹೊತ್ತು ಕೆಳಮನೆಗೆ ಸಾಗಿಸಿದರು. ಇಷ್ಟಕ್ಕೆ ಮುಗಿಯಿತೆಂದು ಅವನು ಕೈ ಒರೆಸಿಕೊಳ್ಳುವಾಗ ಮೇಷ್ಟ್ರು, "ಆ ಪರದೆ ಯಾರು ಹೊಲಿದದ್ದು?" ಎಂದರು. ಪರದೆ ಇಳಿಯಿತು. ಆಮೇಲೆ ದಿಂಬಿನ ಚೀಲಗಳು ಕಣ್ಣಿಗೆ ಬಿದ್ದವು. ಕುರ್ಚಿಯ ಗವಸು, ಮೇಜಿನ ಹಾಸು, ಬಾಗಿಲ ಹಿಂದಿನ ಕೈಚೀಲ, ಚಳಿಗೆಂದು ಕಿಟಕಿಯ ಸಂದಿಗೆ ಹೊಲಿದು ತುರುಕಿದ್ದ ಉದ್ದನೆಯ ಬಟ್ಟೆಯ ಸುರುಳಿ. ಒಂದೊಂದನ್ನೇ ತೆಗೆದು ಮೂಟೆ ಕಟ್ಟಿದರು. ಕೊನೆಗೆ ಮೇಷ್ಟ್ರು ಅವನನ್ನೇ ಮೇಲಿಂದ ಕೆಳಗೆ ನೋಡಿದರು. ಅವನು ಒಳಗೆ ಹೋಗಿ ಶರ್ಟು ಬಿಚ್ಚಿ ಗೋದಾಮಿನಲ್ಲಿ ಕೊಟ್ಟಿದ್ದ ನೀಲಿ ಅಂಗಿ ಹಾಕಿಕೊಂಡು ಬಂದ. ಮನೆಯಲ್ಲಿ ಅವಳ ಕೈ ಮುಟ್ಟದೆ ಉಳಿದದ್ದು ಗೋಡೆಗಳು ಮಾತ್ರ. ಬೋಳಾದ ಹಜಾರದಲ್ಲಿ ಮಾತಾಡಿದರೆ ಸದ್ದು ವಾಪಸು ಬರುತ್ತಿತ್ತು. ಇಷ್ಟು ದಿನ ಇವಳು ಇಷ್ಟೊಂದು ಮಾಡಿದ್ದಳೇ ಎಂದು ತೂಕದಪ್ಪನಿಗೆ ಆಶ್ಚರ್ಯವಾಯಿತು. ಕ್ಯಾಂಟೀನಿನಲ್ಲಿ ಇದನ್ನು ಇದ್ದ ಹಾಗೇ ಹೇಳಿದ್ದರೂ ಸಾಕಾಗುತ್ತಿತ್ತಲ್ಲ ಎಂಬ ಯೋಚನೆ ಬಂತು, ಆದರೆ ಆಗಲೇ ಕರೆಗಂಟೆ ಬಾರಿಸಿತ್ತು.

ತಪಾಸಣೆಯವನು ಸೊರಗಿದ, ಒಳ್ಳೆಯ ಮುಖದ ಮನುಷ್ಯ. ಕೋಣೆಗಳನ್ನು ನೋಡಿದ, ಮಂಚದ ಕೆಳಗೆ ಬಗ್ಗಿ ನೋಡಿದ. "ಮನೆ ಸ್ವಲ್ಪ ಖಾಲಿ ಖಾಲಿ ಇದೆಯಲ್ಲ" ಎಂದ. "ನಮಗೆ ಹೀಗೇ ಇಷ್ಟ ಸಾರ್, ಗಾಳಿ ಚೆನ್ನಾಗಿ ಬರುತ್ತೆ" ಎಂದ ತೂಕದಪ್ಪ, ಚಳಿಗೆ ಹಲ್ಲು ಕಟಕಟ ಎನ್ನುತ್ತಿರುವಾಗಲೇ. ಕಪಾಟಿನ ಮೂಲೆಯಲ್ಲಿ ಒಂದು ಅಳತೆಯ ಟೇಪು ಸಿಕ್ಕಿತು. "ಇದು?" ತೂಕದಪ್ಪ, "ನನ್ನದು ಸಾರ್. ನಾನು ತೂಕದ ಇಲಾಖೆ. ಅಳತೆಯ ಇಲಾಖೆಗೂ ಪ್ರಯತ್ನ ಪಡ್ತಿದ್ದೀನಿ" ಎಂದ. ತಪಾಸಣೆಯವನು ಅದನ್ನೂ ಬರೆದುಕೊಂಡ.

ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಆದರೆ ಅವನು ಬಗ್ಗಿ ಏಳುವಾಗ ಕೋಟಿನ ನಡುವಿನ ಗುಂಡಿ ಕಿತ್ತು ನೆಲಕ್ಕೆ ಬಿತ್ತು. ಉರುಳಿ ಹೆಂಡತಿಯ ಕಾಲ ಬಳಿ ನಿಂತಿತು. ಅವಳು ಎತ್ತಿಕೊಂಡಳು.

"ಅಮ್ಮಾ, ಒಂದು ಸೂಜಿ ದಾರ ಇದ್ರೆ ಕೊಡ್ತೀರಾ? ಇನ್ನೂ ನಾಲ್ಕು ಮನೆ ಸುತ್ತಬೇಕು, ಚಳಿ ಬೇರೆ" ಎಂದ ಅವನು.

ಅದು ಪರೀಕ್ಷೆಯೋ, ನಿಜವಾದ ಚಳಿಯೋ, ದೇವರೇ ಬಲ್ಲ. ತೂಕದಪ್ಪ, "ನಾನು ಹಾಕ್ತೀನಿ ಸಾರ್!" ಎಂದು ಮುನ್ನುಗ್ಗಿದ. "ನೀವು ಬಿಡಿ, ಅವರೇ ಒಂದು ಪ್ರಯತ್ನ ಮಾಡ್ಲಿ" ಎಂದು ತಪಾಸಣೆಯವನು ಕೋಟು ಬಿಚ್ಚಿ ಅವಳ ಮಡಿಲಿಗಿಟ್ಟ. ಬಣ್ಣದವನ ಹೆಂಡತಿ ಎಲ್ಲಿಂದಲೋ ಸೂಜಿ ದಾರ ತಂದುಕೊಟ್ಟಳು. ಬಾಗಿಲಲ್ಲಿ ಇಡೀ ಕಟ್ಟಡ ಇಣುಕುತ್ತ ನಿಂತಿತ್ತು.

ಅವಳು ದಾರದ ತುದಿ ಒದ್ದೆ ಮಾಡಿದಳು, ಪೋಣಿಸಿದಳು, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಎರಡು ಹೊಲಿಗೆ ಬಿದ್ದೇ ಹೋಯಿತು. ಕೈ ತನ್ನ ಪಾಡಿಗೆ ತಾನು ಮಾಡಿಬಿಟ್ಟಿತ್ತು. ತೂಕದಪ್ಪ ಕೆಮ್ಮಿದ. ಅವಳು ನಿಂತಳು. ಹಾಕಿದ್ದನ್ನು ಎಳೆದು ಕಿತ್ತಳು. ಮತ್ತೆ ಚುಚ್ಚಿದಳು, ಈ ಸಲ ಬೇಕೆಂದೇ ಓರೆಯಾಗಿ, ಬೇಕೆಂದೇ ಸಡಿಲವಾಗಿ, ಒಂದು ಕಡೆ ದಾರ ಗಂಟು ಕಟ್ಟಿ, ಬಟ್ಟೆ ಸುಕ್ಕು ಹಿಡಿದು, ಗುಂಡಿ ತಲೆಕೆಳಗಾಗಿ. ಅವಳ ಹಣೆಯಲ್ಲಿ ಬೆವರು ಮೂಡಿತು. ಮದುವೆಯ ಕೋಟುಗಳನ್ನು ಹೊಲಿಯುವಾಗಲೂ ಬೆವರದವಳು ಆ ಒಂದು ಗುಂಡಿಯನ್ನು ಕೆಡಿಸಲು ಕಾಲು ಗಂಟೆ ತೆಗೆದುಕೊಂಡಳು.

ತಪಾಸಣೆಯವನು ಕೋಟನ್ನು ನೋಡಿ, ನಗು ತಡೆದುಕೊಂಡು, "ಪರವಾಗಿಲ್ಲ ಬಿಡಿ ತಾಯಿ, ಎಲ್ಲರಿಗೂ ಎಲ್ಲ ಬರಬೇಕು ಅಂತೇನಿಲ್ಲ" ಎಂದು ಸಮಾಧಾನ ಹೇಳಿದ. ನೇತಾಡುವ ಗುಂಡಿಯೊಂದಿಗೆ ಮೆಟ್ಟಿಲಿಳಿದು ಹೋದ.

"ಭೇಷ್!" ಎಂದು ಚಪ್ಪಾಳೆ ತಟ್ಟಿದ ತೂಕದಪ್ಪ. "ಎಂಥಾ ನಟನೆ ಮಾಡಿದ್ಯೇ! ನಾನೇ ನಂಬಿಬಿಟ್ಟೆ!"

ಬಾಗಿಲಲ್ಲಿದ್ದವರು ಯಾರೂ ಚಪ್ಪಾಳೆ ತಟ್ಟಲಿಲ್ಲ. ಡ್ರೈವರು ತಲೆ ತಗ್ಗಿಸಿ ಕೆಳಗಿಳಿದ. ಹೆಂಡತಿ ಸೂಜಿಯನ್ನು ಬಣ್ಣದವನ ಹೆಂಡತಿಗೆ ವಾಪಸು ಕೊಟ್ಟು, ಒಳಗೆ ಹೋಗಿ ಕೈ ತೊಳೆದುಕೊಂಡಳು.

ಆರು ವಾರಕ್ಕೆ ಪರ್ಮಿಟ್ಟು ಬಂತು. ಅವಳ ಫೋಟೋ ಇದ್ದ, ಅಂಗೈಯಗಲದ, ಗಟ್ಟಿಯಾದ ಕಾರ್ಡು. 'ಎಲ್ಲ ಬಗೆಯ ಉದ್ಯೋಗಕ್ಕೂ ಅರ್ಹ' ಎಂದು ಹಸಿರಕ್ಷರದಲ್ಲಿತ್ತು. "ನೋಡಿದ್ಯಾ? ನಾನು ಹೇಳಿರಲಿಲ್ವಾ?" ಎಂದು ತೂಕದಪ್ಪ ಕಟ್ಟಡದ ಮೂರೂ ಮಹಡಿಗೆ ತೋರಿಸಿ ಬಂದ. ಹೆಂಡತಿ ಅಂದೇ ಕೋಟಿನಂಗಡಿಗೆ ಹೋದಳು. ಯಜಮಾನಿ ಅವಳನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಒಂದು ತೋಳು ಜೋಡಿಸಲು ಕೊಟ್ಟಳು. ಅವಳು ಎರಡು ದಿನ ಅಲ್ಲಿ ಕೂತಳು. ಆ ಎರಡು ಸಂಜೆಯೂ ಅವಳು ಬಾಯಿ ಮುಚ್ಚಲಿಲ್ಲ. ಕತ್ತರಿಯ ಮಾತು, ಕಾಲರು ಬಿಗಿಯಾಗಿ ನಿಲ್ಲಲೆಂದು ಒಳಗಿಡುವ ಬಕ್ರಂ ಬಟ್ಟೆಯ ಮಾತು, ಎಡಗಡೆಯ ಬೆಳಕಿನ ಮಾತು. ತೂಕದಪ್ಪನಿಗೆ ನಿದ್ದೆ ಬಂದರೂ ಹೂಂಗುಟ್ಟಿದ.

ಮೂರನೆಯ ದಿನ ಅವಳು ಬೇಗ ಬಂದಳು. ಯಾರನ್ನು ಯಾವ ಕೆಲಸಕ್ಕೆ ಸೇರಿಸಿಕೊಂಡರೂ ಅಂಗಡಿಯವರು ಪರವಾನಗಿ ಕಚೇರಿಗೆ ಬರೆದು ತಿಳಿಸಬೇಕಂತೆ. ಯಜಮಾನಿ ಕಾರ್ಡಿನ ಸಂಖ್ಯೆ ಹಾಕಿ, ಕೆಲಸದ ಎದುರು 'ಹೊಲಿಗೆ' ಎಂದು ಬರೆದು ಕಳಿಸಿದ್ದಳು. ಅದಕ್ಕೆ ಉತ್ತರ ಬಂದಿತ್ತು: ಸದರಿ ಮಹಿಳೆಗೆ ಹೊಲಿಗೆಯ ಜ್ಞಾನವಿಲ್ಲವೆಂದು ಸ್ವತಃ ಅವರೇ, ಅವರ ತಾಯಿಯೇ, ಐವರು ನೆರೆಯವರೇ ಬರೆದುಕೊಟ್ಟಿದ್ದು, ನಮ್ಮ ತಪಾಸಣೆಯಲ್ಲಿಯೂ ದೃಢಪಟ್ಟಿರುತ್ತದೆ. ಜ್ಞಾನವಿದ್ದಲ್ಲಿ ಆ ಹೇಳಿಕೆ ಸುಳ್ಳಾಗಿ ಪರವಾನಗಿ ರದ್ದಾಗುವುದು. ದಯವಿಟ್ಟು ಸ್ಪಷ್ಟಪಡಿಸಿ.

"ಯಜಮಾನಿಯವರು ಅತ್ತುಬಿಟ್ರು ರೀ" ಎಂದಳು ಹೆಂಡತಿ. ತಾನು ಅತ್ತಳೋ ಇಲ್ಲವೋ ಹೇಳಲಿಲ್ಲ.

ಮರುದಿನ ತೂಕದಪ್ಪ ಗೋದಾಮಿಗೆ ರಜೆ ಹಾಕಿ ಮೂರನೆಯ ಕಿಟಕಿಗೆ ಓಡಿದ. ಅಧಿಕಾರಿಣಿ ಕನ್ನಡಕ ಏರಿಸಿದರು.

"ಮೇಡಂ, ನನ್ನ ಹೆಂಡತಿಗೆ ಹೊಲಿಗೆ ಬರುತ್ತೆ" ಎಂದ.

"ಹಾಗಾದ್ರೆ ಅವತ್ತು ಹೇಳಿದ್ದು ಸುಳ್ಳು ಅಂತ ಬರ್ಕೊಳ್ಳಲಾ?" ಅವರು ಪೆನ್ನಿನ ಮುಚ್ಚಳ ತೆಗೆದರು. "ಆ ಏಳೂ ಕಾಗದ ಸುಳ್ಳು ಅಂತ ಆಗುತ್ತೆ. ಸುಳ್ಳು ಬರೆದುಕೊಟ್ಟದ್ದಕ್ಕೆ ನಿಮ್ಮ ನೆರೆಯವರ ಪರ್ಮಿಟ್ಟುಗಳನ್ನೂ ತನಿಖೆಗೆ ತೆಗೀಬೇಕಾಗುತ್ತೆ."

ಡ್ರೈವರು, ಅಜ್ಜಿ, ಬಣ್ಣದವರು ಅವನ ಕಣ್ಣ ಮುಂದೆ ಬಂದರು. ಈ ಸಲ ಅವನ ಹೆದರಿಕೆ ತನ್ನ ಮರ್ಯಾದೆಗಲ್ಲ. ಆದರೆ ಆ ಒಳ್ಳೆಯತನಕ್ಕೆ ಹೊತ್ತು ಮೀರಿತ್ತು.

"ಬೇಡ ಮೇಡಂ" ಎಂದ.

ಅಧಿಕಾರಿಣಿ ಕೆಟ್ಟವರಲ್ಲ. ದನಿ ತಗ್ಗಿಸಿ ಒಂದು ದಾರಿ ಹೇಳಿದರು. "ಈಗ ಬರಲ್ಲ ಅಂದ ಮಾತ್ರಕ್ಕೆ ಮುಂದೆ ಕಲೀಬಾರದು ಅಂತೇನಿಲ್ಲ. ಸರ್ಕಾರಿ ತರಬೇತಿ ಕೇಂದ್ರ ಇದೆ, ಎರಡು ವರ್ಷ. ಮೊದಲ ಮೂರು ತಿಂಗಳು ಸೂಜಿಗೆ ದಾರ ಪೋಣಿಸೋದು, ನೇರ ಗೆರೆ ಹೊಲಿಯೋದು ಕಲಿಸ್ತಾರೆ. ಬಹಳ ತಾಳ್ಮೆಯಿಂದ ಹೇಳಿಕೊಡ್ತಾರೆ. ಎರಡು ವರ್ಷ ಆದ್ಮೇಲೆ ಪ್ರಮಾಣಪತ್ರ ತಂದ್ರೆ ಇದನ್ನ ತಿದ್ದಬಹುದು."

ಇದನ್ನು ಮನೆಗೆ ಬಂದು ಶುಭವಾರ್ತೆಯ ಹಾಗೆ ಹೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದ. ಹೆಂಡತಿ ಪೂರ್ತಿ ಕೇಳಿಸಿಕೊಂಡಳು.

"ಅಮ್ಮ ಕಲಿಸಿದ್ದನ್ನ ಇನ್ನೊಬ್ಬರ ಹತ್ರ ಮೊದಲಿಂದ ಕಲೀತಾ ಕೂರೋಕೆ ನನ್ನ ಕೈಲಾಗಲ್ಲ ರೀ. ಒಂದು ಗುಂಡಿ ಕೆಡಿಸೋದರಲ್ಲೇ ಸಾಕಾಯ್ತು. ಎರಡು ವರ್ಷ ಕೆಡಿಸ್ತಾ ಕೂತ್ರೆ ಕೈಯಿಂದಲೇ ಹೋಗಿಬಿಡುತ್ತೆ."

ಕುರ್ಚಿಯಲ್ಲಿ ಬೇರೆ ಯಾರೋ ಕೂತರು. ಹೆಂಡತಿ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಒಗೆದ ಹಾಸುಗಳನ್ನು ಮಡಚುವ ಕೆಲಸಕ್ಕೆ ಸೇರಿದಳು. ಅದಕ್ಕೆ ಯಾವ ಜ್ಞಾನವೂ ಬೇಕಿರಲಿಲ್ಲ. ಕಚೇರಿ ಒಂದೇ ದಿನದಲ್ಲಿ ಒಪ್ಪಿಗೆ ಕಳಿಸಿತು. ಮಿಷನ್ನು ಕೆಳಮನೆಯಿಂದ ಮೇಲೆ ಬರಲಿಲ್ಲ. ತರಲೇ ಎಂದು ಡ್ರೈವರು ಎರಡು ಸಲ ಕೇಳಿದ. ಇರಲಿ ಬಿಡಪ್ಪಾ, ಇಲ್ಲಿ ಜಾಗ ಇಲ್ಲ ಎಂದಳು.

ಗೋದಾಮಿನ ಊಟದ ಮೇಜಿನಲ್ಲಿ ಒಂದು ದಿನ ಮೇಲ್ವಿಚಾರಕರು ಕೇಳಿದರು, "ಏನಪ್ಪಾ, ನನ್ನ ಪತ್ರ ಕೆಲಸ ಮಾಡ್ತು ತಾನೇ? ಹೊಲಿಗೆ ಕೇಂದ್ರ ಹೇಗೆ ನಡೀತಿದೆ?"

"ಮುಚ್ಚಿಬಿಟ್ವಿ ಸಾರ್."

"ಅಯ್ಯೋ! ಯಾಕೆ, ನಷ್ಟ ಆಯ್ತಾ?"

"ಹೌದು ಸಾರ್. ಬಹಳ."

ಆ ಮೇಜಿನಲ್ಲಿ ಅವನು ಬೆಳೆಸದೆ ಆಡಿದ ಮೊದಲ ಮಾತು ಅದು. ನಂಬಿದವರು ಯಾರೂ ಇರಲಿಲ್ಲ. ಲಾರಿಯವನು, "ಬಿಡಪ್ಪಾ, ತೆರಿಗೆಗೆ ಹೆದರಿ ಹಾಗಂತೀಯಾ" ಎಂದು ನಕ್ಕ.

ಮೊನ್ನೆ ಸಂಜೆ ಇಬ್ಬರೂ ಊಟಕ್ಕೆ ಕೂತಿದ್ದಾಗ ಹೆಂಡತಿ ತಾನಾಗಿಯೇ ಮಾತು ತೆಗೆದಳು. ಈಚೆಗೆ ಅವಳು ಮಾತು ತೆಗೆಯುವುದೇ ಅಪರೂಪ. ತೂಕದಪ್ಪ ತಟ್ಟೆ ಬಿಟ್ಟು ಕಿವಿಗೊಟ್ಟ.

"ಇವತ್ತು ನಮ್ಮ ಲಾಂಡ್ರಿಗೆ ದೊಡ್ಡ ಮೇಡಂ ಬಂದಿದ್ರು. ರಿಪೇರಿ ಕೋಣೆಯವಳು ಕೆಲಸ ಬಿಟ್ಟಳಂತೆ, ಹರಿದ ಹಾಸುಗಳು ರಾಶಿ ಬಿದ್ದಿವೆ. ನಿಮ್ಮಲ್ಲಿ ಹೊಲಿಗೆ ಬರೋರು ಕೈ ಎತ್ತಿ ಅಂದ್ರು."

"ಯಾರಾದ್ರೂ ಎತ್ತಿದ್ರಾ?" ಎಂದ ತೂಕದಪ್ಪ.

"ಹೊಸದಾಗಿ ಸೇರಿದವಳೊಬ್ಬಳು ಎತ್ತಿದಳು. ಮಧ್ಯಾಹ್ನ ಅವಳು ಹೊಲಿದ ಹಾಸುಗಳು ಮಡಚೋಕೆ ನನ್ನ ಮೇಜಿಗೇ ಬಂದವು. ಅಂಚು ಪೂರ್ತಿ ಸೊಟ್ಟ. ಎರಡು ಒಗೆತಕ್ಕೆ ಬಿಚ್ಚಿಹೋಗುತ್ತೆ."

"ಹೇಳ್ಬೇಕಿತ್ತು ಅವಳಿಗೆ, ಹೀಗಲ್ಲ ಅಂತ."

ಅವಳು ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.

"ಸೊಟ್ಟ ಅಂತ ನನಗೆ ಹೇಗೆ ಗೊತ್ತಾಗ್ಬೇಕು ರೀ?" ಎಂದಳು.